ಎಡಗೈ ಮೇಲೆ, ಬಲಗೈ ಕೆಳಗೆ

ತಗಡಿನ ಪೀಪಿ ಇರುವ ಮನೆಯಲ್ಲಿ ನಗುವಿಗೆ ಬರವಿಲ್ಲ. ಶಾಲಾ ಮಾಸ್ತರನಾದ ನನ್ನ ಮನೆಗೆ ಅದು ಬಂದದ್ದು ಸೀಮೆಎಣ್ಣೆಗೂ ಪರದಾಡುತ್ತಿದ್ದ ಯುದ್ಧದ ಕಾಲದಲ್ಲಿ, ದೇವದುರ್ಗದ ಒಂದು ಮಾಮೂಲು ಸಂತೆಯ ದಿನ. ಬದನೆಕಾಯಿ ತರಲು ಹೋದ ನನ್ನ ಹೆಂಡತಿ ಪೀಪಿ ತಂದಳು.

"ಬದನಿಕಾಯಿ?" ಎಂದೆ.

"ಹುಳ ಬಿದ್ದು ಅದಕ್ಕೂ ತೂತು, ಇದಕ್ಕೂ ತೂತು. ಇದನ್ನ ಊದಾಕರ ಬರ್ತದ," ಎಂದಳು.

೧. ಮೇಲಿನ ಕೈ

ಇದನ್ನು ಕೊಳಲಿನಂತೆ ಅಡ್ಡ ಹಿಡಿಯುವುದಿಲ್ಲ. ನೇರವಾಗಿ ಬಾಯಿಗಿಟ್ಟು, ಮೇಲಿನ ಮೂರು ತೂತಿಗೆ ಎಡಗೈ, ಕೆಳಗಿನ ಮೂರಕ್ಕೆ ಬಲಗೈ. ನಮ್ಮ ಜೊತೆಗೇ ಇದ್ದ ನನ್ನ ದೊಡ್ಡಪ್ಪ ಕೃಷ್ಣನ ಗುಡಿಯ ಅರ್ಚಕರು. ಅವಳು ಹಾಗೆ ಹಿಡಿದದ್ದನ್ನು ನೋಡಿ ಸಿಡಿದರು: "ಎಡಗೈ ಮ್ಯಾಲ? ನಾಳೆ ಎಡಗೈಲೆ ಆರತಿ ಎತ್ತಾಕಿ ಏನವ್ವಾ?"

"ನಿಮ್ಮ ಗುಡ್ಯಾಗಿನ ಕೃಷ್ಣನ್ನ ನೋಡಿ ಬರ್ರಿ ಮಾವಾ. ಬಾಯಿ ಹತ್ರ ಯಾವ ಕೈ ಅದ?"

ಹೋಗಿ ಬಂದರು, ಕಾಲು ತೊಳೆದು ಊಟಕ್ಕೆ ಕುಳಿತರು. ಅನ್ನ ಕಲಸುತ್ತ ಮೆಲ್ಲಗೆ, "ಎಡಗೈನ ಅದ. ದೇವರಿಗೆ ಬುದ್ಧಿ ಹೇಳವರು ಯಾರು!" ಎಂದರು.

೨. ದುಂಡು ಕಲೆ

ರಾಯಚೂರಿನ ಅಕ್ಕಿ ಗಿರಣಿಯ ಸಾಹುಕಾರರು ನಮ್ಮಲ್ಲಿಗೆ ಬಂದಾಗ ತಾವೂ ಹಿಡಿದು ನೋಡಿದರು. ನನ್ನ ಹೆಂಡತಿ ಹೇಳಿದಳು: "ಬೆರಳಿನ ಮೆತ್ತನ ಭಾಗ ಇಟ್ರ ಸಾಕ್ರಿ. ಅಷ್ಟು ಬಿಗಿ ಬ್ಯಾಡ, ಅದೇನು ಓಡಿ ಹೋಗೂದಿಲ್ಲ." ಕೇಳಲಿಲ್ಲ. ಊರಿಗೆ ಹೊರಡುವವರೆಗೂ ಒತ್ತಿ ಒತ್ತಿ ಊದಿದರು. ತೂತಿನ ಅಂಚು ಒತ್ತಿ ಬೆರಳ ತುದಿಯಲ್ಲಿ ಮೂಡಿದ ದುಂಡು ಕಲೆಗಳನ್ನು ಕಂಡು ಅವರ ಮನೆಯವರು ಹೆದರಿ ಹಕೀಮರ ಬಳಿಗೆ ಕರೆದೊಯ್ದರು.

"ಈ ಬೀಮಾರಿ ಮತ್ಯಾರಿಗರ ಅದ ಏನ್ರಿ?" ಎಂದು ಹಕೀಮರು ಕೇಳಿದರಂತೆ.

ಅದಕ್ಕೆ ಸಾಹುಕಾರರು, "ದೇವದುರ್ಗದ ಮಾಸ್ತರ ಹೆಂಡತಿಗೆ ಅದ್ರಿ!"

೩. ಊದದ ಹಾಡು

ಮುಂದಿನ ಬೇಸಿಗೆಯಲ್ಲಿ ಜ್ವರ ಬಂದು ಅವಳು ತೀರಿಕೊಂಡಳು. ಮಾನ್ವಿಯಿಂದ ಬಂದ ನಮ್ಮ ಬಳಗದ ಹಿರಿಯರು, "ವರ್ಷ ಮುಗಿಯೂ ತನಕ ಪೀಪಿ ಸಪ್ಪಳ ಕೇಳಬಾರದು. ಕೊಡಿಲ್ಲಿ, ಸಂದೂಕದಾಗ ಇಡ್ತೀವಿ," ಎಂದರು.

ನಾನು ಕೊಡಲಿಲ್ಲ. ಅವಳು ನನಗೆ ಕಲಿಸಿದ್ದು ಒಂದೇ ಹಾಡು. ಬೆರಳು ಸುಮ್ಮನಿದ್ದರೆ ಅದೂ ಮರೆತುಹೋಗುತ್ತಿತ್ತು.

"ಸಪ್ಪಳ ಕೇಳಬಾರದು, ಹೌದಲ್ರಿ?" ಎಂದು ಅವರೆದುರಿಗೇ ಪಡಸಾಲೆಯಲ್ಲಿ ಕುಳಿತೆ. ಪೀಪಿಯನ್ನು ಗದ್ದಕ್ಕೆ ಆನಿಸಿ, ಊದದೆ, ಹಾಡಿನುದ್ದಕ್ಕೂ ಬೆರಳಾಡಿಸಿದೆ.

"ಇವನ ತಲಿ ಕೆಟ್ಟದ," ಎಂದರು ಒಬ್ಬರು.

"ಕೆಟ್ಟಿರಲಿ ಬಿಡ್ರಿ. ಸಪ್ಪಳ ಇಲ್ಲಲ್ಲ?" ಎಂದು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಮೂಲೆಯಲ್ಲಿ ಜಪಕ್ಕೆ ಕುಳಿತಿದ್ದ ದೊಡ್ಡಪ್ಪ ಕಣ್ಣು ತೆರೆದರು. "ಲೇ, ತಪ್ಪಿದಿ ನೋಡು. ಅಲ್ಲಿ ಆಕಿ ನಡುಬೆರಳು ಎತ್ತತಿದ್ದಿಲ್ಲ."

ಮಾನ್ವಿಯವರು ಬೆಚ್ಚಿದರು. "ಸಪ್ಪಳನ ಇಲ್ಲ, ನಿಮಗ ಹೆಂಗ ಕೇಳ್ತು?"

"ಕೇಳಬಾರದು ಅಂದ್ರಿ, ಕೇಳಲಿಲ್ಲ. ನೋಡಬಾರದು ಅಂದಿದ್ರೇನು?" ಎಂದವರೇ ನನ್ನ ಕಡೆ ತಿರುಗಿದರು. "ಊದು ಲೇ. ಎಲ್ಲಿ ತಪ್ಪಿದಿ ಅಂತ ಇವರಿಗೂ ತಿಳೀಲಿ."

ಊದಿದೆ.

ನಡುಬೆರಳಿನ ತೂತಿನ ಅಂಚಿಗೆ ಅವಳ ಕೈಯ ಅರಿಶಿನ ಇನ್ನೂ ಹತ್ತಿತ್ತು.