ಹಜ್ಜಾ ನಫೀಸಾಳ ಅರ್ಧ ಮಾತ್ರೆ

ತಮ್ಮ ಮಾತ್ರೆ ಒತ್ತುವ ಯಂತ್ರದ ಮೈತುಂಬ ಯಾರೋ ಹಳದಿ, ಗುಲಾಬಿ ಚೀಟಿ ಅಂಟಿಸಿದ್ದು ಕಂಡು ದುಕ್ತೂರ್ ವಜೀಹ್ ಅವರ ಸಿಟ್ಟು ನೆತ್ತಿಗೇರಿತು. ಒಂದು ಚೀಟಿಯಲ್ಲಿ ‘ಕನಸು ಕಾಣಿ’ ಎಂದಿತ್ತು. ತಂತಾ ಊರಿನ ಆ ಫಾರ್ಮಸಿ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಮಾತ್ರೆ ಒತ್ತುವುದನ್ನು ಕಲಿಸಿದ್ದವರು ಅವರು; ಔಷಧ ಬಲ್ಲವರನ್ನೆಲ್ಲ ಆ ಊರು ದುಕ್ತೂರ್, ಅಂದರೆ ಡಾಕ್ಟರ್, ಎಂದೇ ಕರೆಯುತ್ತಿತ್ತು. ಕನಸು ಕಾಣುತ್ತ ಒತ್ತಿದ ಮಾತ್ರೆ ಡಬ್ಬಿಯಲ್ಲೇ ಪುಡಿಯಾಗುತ್ತದೆಂದು ಅವರಿಗೆ ಗೊತ್ತಿತ್ತು.

ಸೀದಾ ಡೀನ್ ಇನಾಸ್ ಮೇಡಂ ಕೋಣೆಗೆ ನುಗ್ಗಿದರು.

“ಇನ್ಮೇಲೆ ಅಲ್ಲಿ ಡಿಸೈನ್ ಥಿಂಕಿಂಗ್ ಪಾಠ, ನೀವೇ ಮಾಡ್ಬೇಕು. ಮಧ್ಯಾಹ್ನ ಕಾಲೇಜಿಗೆ ಅಂಕ ಕೊಡೋ ಸಮಿತಿಯವರು ನೋಡೋಕೆ ಬರ್ತಾರೆ,” ಎಂದರು ಮೇಡಂ.

“ನನ್ನ ಪ್ರಯೋಗಶಾಲೆ?”

“ಅವರು ಮೆಚ್ಚಿದ್ರೆ ನಿಮಗೇ ವಾಪಸ್. ಇಲ್ದಿದ್ರೆ ಯಂತ್ರ ಗುಜರಿಗೆ.”

ಮೇಡಂ ಕೊಟ್ಟ ಹೊಸ ಪಾಠದ ಹಾಳೆಯನ್ನು ವಜೀಹ್ ಎರಡು ಸಲ ಓದಿದರು. ರೋಗಿಯ ಮಾತಿಗೆ ಕಿವಿಗೊಡುವುದು, ತೊಂದರೆ ಹಿಡಿಯುವುದು, ಕೈಗೆ ಸಿಕ್ಕಿದ್ದರಲ್ಲಿ ಒಂದು ಮಾದರಿ ಮಾಡಿ ಅವರಿಗೇ ಕೊಟ್ಟು ನೋಡುವುದು. “ನಮ್ಮಜ್ಜಿ ಇದನ್ನೇ ಮಾಡಿ ಹನ್ನೊಂದು ಮಕ್ಕಳನ್ನು ಸಾಕಿದಳು. ಒಂದು ಚೀಟೀನೂ ಅಂಟಿಸಲಿಲ್ಲ!” ಎಂದು ಗೋಡೆಗೆ ಹೇಳಿದರು.

ಮಧ್ಯಾಹ್ನ ಸಮಿತಿಯ ಮೂವರು ಡೀನ್ ಜೊತೆ ಪ್ರಯೋಗಶಾಲೆಯ ಹಿಂದಿನ ಬೆಂಚಿನಲ್ಲಿ ಕೂತರು. ವಿದ್ಯಾರ್ಥಿನಿ ಯುಮ್ನಾ ಎದುರಿನ ಔಷಧದಂಗಡಿಯ ಸಾಲಿನಿಂದ ಹಜ್ ಯಾತ್ರೆ ಮಾಡಿ ಬಂದು ಹಜ್ಜಾ ಎನಿಸಿಕೊಂಡಿದ್ದ ನಫೀಸಾ ಎಂಬ ಮುದುಕಿಯನ್ನು ಕೈಹಿಡಿದು ಕರೆತಂದಳು. ಮುದುಕಿಯ ಕಂಕುಳಲ್ಲಿ ಮುಲೂಖಿಯಾ ಸೊಪ್ಪಿನ ಕಟ್ಟು. ಪುಕ್ಕಟೆ ತಮಾಷೆ ಯಾಕೆ ಬಿಡಬೇಕೆಂದು ಕಬ್ಬಿನಹಾಲು ಮಾರುವ ಫತ್ಹಿಯೂ ಹಿಂದೆಯೇ ಬಂದ.

“ಹಜ್ಜಾ, ಮಾತ್ರೆ ನುಂಗುವಾಗ ನಿಮಗೆ ಏನನ್ನಿಸುತ್ತೆ?” ಎಂದು ಯುಮ್ನಾ ಕೇಳಿದಳು.

“ನೀರು ಬೇಕು ಅನ್ನಿಸುತ್ತೆ ಮಗಳೇ.”

ಯುಮ್ನಾ ಎದೆಗುಂದದೆ ತಾನು ಚಿತ್ರ ಬರೆದಿದ್ದ ರಟ್ಟಿನ ಮಾತ್ರೆ ಡಬ್ಬಿ ತೆಗೆದಳು. “ನೋಡಿ, ಸೂರ್ಯ ಇದ್ರೆ ಬೆಳಿಗ್ಗೆ, ಚಂದ್ರ ಇದ್ರೆ ರಾತ್ರಿ.”

“ನಮ್ಮ ಔಷಧದಂಗಡಿ ದುಕ್ತೂರ್ ಡಬ್ಬಿ ಮೇಲೆ ಪೆನ್ನಲ್ಲಿ ಗೀಟು ಎಳೀತಾನೆ. ಮೂರು ಗೀಟು ಅಂದ್ರೆ ಮೂರು ಹೊತ್ತು. ಓದು ಬಾರದ ನಂಗೇ ತಿಳಿಯುತ್ತೆ. ನಿಮ್ಮನ್ನ ಇಷ್ಟು ಓದಿಸಿದ್ದು ಆ ಗೀಟು ಅಳಿಸೋಕಾ?”

“ಅಲ್ಲಾ, ಚಂದ್ರ ಕಾಣದ ರಾತ್ರಿ ನುಂಗೋದೋ ಬೇಡ್ವೋ?” ಎಂದ ಫತ್ಹಿ.

ತರಗತಿ ಗೊಳ್ಳೆಂದಿತು. ಡೀನ್ ಮುಖ ಸೀದ ರೊಟ್ಟಿಯಂತಾಯಿತು. ಯಂತ್ರ ಗುಜರಿ ಗಾಡಿ ಹತ್ತುವುದು ವಜೀಹ್ ಕಣ್ಣಿಗೆ ಕಟ್ಟಿತು.

“ಹಾಗಾದ್ರೆ ನಿಮ್ಮ ತೊಂದರೆ ಏನು ಅಂತ ನೀವೇ ಹೇಳಿ ತಾಯಿ!” ಎಂದು ಕೂಗಿದರು.

ಮುದುಕಿ ಕರವಸ್ತ್ರದ ಗಂಟು ಬಿಚ್ಚಿದಳು. ಒಳಗೆ ಬರೀ ಬಿಳಿ ಪುಡಿ. “ಬಿಪಿ ಮಾತ್ರೆ. ಅರ್ಧ ನುಂಗು ಅಂದ್ರು. ಮುರಿದ್ರೆ ಒಂದು ಪಾಲು ಮುಕ್ಕಾಲು, ಇನ್ನೊಂದು ಹಿಟ್ಟು. ಚಾಕು ಹಾಕಿದ್ರೆ ಒಲೆ ಹಿಂದೆ ಹಾರಿ ಹೋಯ್ತು. ಮಾತ್ರೆ ಒತ್ತೋಕೆ ಬಾರದ ಯಾವ ಕತ್ತೆ ಮಾಡಿದ್ದೋ ಇದನ್ನ!”

ತಮ್ಮ ಇಡೀ ಕುಲವನ್ನೇ ಬೈದಂತಾಯಿತು ವಜೀಹ್‌ಗೆ. ಚೀಟಿಗಳನ್ನು ಪರಪರ ಕಿತ್ತೆಸೆದರು. ನಡುವೆ ಆಳವಾದ ಗೀರು ಮೂಡಿಸುವ ಅಚ್ಚು ಕೂರಿಸಿ, ಹಾಲಿನ ಸಕ್ಕರೆಯ ಹರಳು ಸುರಿದು, ಹಿಡಿ ತಿರುಗಿಸಿ, ಉದುರಿದ ಮಾತ್ರೆಯನ್ನು ಮುದುಕಿಗೆ ಕೊಟ್ಟರು. “ಇದರಲ್ಲಿ ಔಷಧಿ ಇಲ್ಲ, ನುಂಗಬೇಡಿ. ಮುರಿದು ನೋಡಿ.”

ಟಕ್! ಮುದುಕಿಯ ಅಂಗೈಯಲ್ಲಿ ಎರಡು ಸಮ ಪಾಲು.

“ಇಷ್ಟೇ ಕಣೋ ಮಗನೇ ನಂಗೆ ಬೇಕಾಗಿದ್ದು!”

ಫತ್ಹಿ ಸಿಳ್ಳೆ ಹೊಡೆದ. ಸಮಿತಿಯ ಅಧ್ಯಕ್ಷರು ಎದ್ದೇ ನಿಂತರು. “ಕೇಳಿದ್ರು, ಮಾಡಿದ್ರು, ಕೊಟ್ಟು ನೋಡಿದ್ರು! ಇದಪ್ಪಾ ಡಿಸೈನ್ ಥಿಂಕಿಂಗ್ ಅಂದ್ರೆ!”

“ಅಲ್ಲ ಸರ್, ಇದು ಮಾತ್ರೆ ಒತ್ತೋದು!”

“ವಿನಯ ನೋಡಿ,” ಎಂದು ಅಧ್ಯಕ್ಷರು ಅದನ್ನೂ ಬರೆದುಕೊಂಡರು. ಪೂರ್ತಿ ಅಂಕ.

ನಾಲ್ಕು ಗಂಟೆಗೆ ಡೀನ್ ಕೈಕುಲುಕಿದರು. “ಮಾತು ಮಾತೇ, ದುಕ್ತೂರ್. ಕೋಣೆ ನಿಮಗೇ. ಇಂದಿನಿಂದ ಅದು ಮಾದರಿ ಡಿಸೈನ್ ಥಿಂಕಿಂಗ್ ಕೇಂದ್ರ, ನೀವೇ ಅದರ ಖಾಯಂ ಮುಖ್ಯಸ್ಥರು.”

“ನನ್ನ ಮಾತ್ರೆ ಪಾಠ?”

“ಅದಕ್ಕೆಲ್ಲಿದೆ ಸಮಯ? ತೆಗೆದು ಹಾಕಿದ್ವಿ. ಯಂತ್ರಕ್ಕೆ ಗಾಜಿನ ಪೆಟ್ಟಿಗೆ ಮಾಡಿಸ್ತಿದ್ದೀವಿ, ಬಂದವರೆಲ್ಲ ನೋಡ್ಲಿ. ಮುಟ್ಟೋ ಹಾಗಿಲ್ಲ, ನೀವೂ ಸೇರಿ.”

ವಜೀಹ್ ಓಡಿ ಬಂದು ಯಂತ್ರವನ್ನು ತಬ್ಬಿ ನಿಂತರು. ಬಡಗಿ ಆಗಲೇ ಅಳತೆ ಪಟ್ಟಿ ಬಿಚ್ಚಿದ್ದ.

“ಸ್ವಲ್ಪ ಸರಿದು ನಿಂತ್ಕೊಳ್ಳಿ ದುಕ್ತೂರ್,” ಎಂದ ಮರ್ಯಾದೆಯಿಂದ. “ಇಲ್ದಿದ್ರೆ ನಿಮ್ಮನ್ನೂ ಸೇರಿಸಿ ಅಳೆದುಬಿಟ್ಟೇನು.”