ಮೈನ್ ಸ್ವಿಚ್ಚಿನ ಯಜಮಾನ

ಅಧಿಕಾರ ಸಿಕ್ಕಿದರೆ ನಾನು ಹೇಗೆ ನಡೆದುಕೊಂಡೇನು ಎಂಬುದು ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೊಟ್ಟಿರಲಿಲ್ಲವಲ್ಲ. ಎಂಬತ್ತರ ದಶಕದಲ್ಲಿ ಕಡಿಯಾಳಿಯ ಬಾಡಿಗೆ ಮನೆಗೆ ಹೋದ ಮೇಲೆ ಅದೂ ಗೊತ್ತಾಯಿತು. ಒಂದೇ ಮಾಡಿನ ಕೆಳಗೆ ಮೂರು ಮನೆ, ಮೂರಕ್ಕೂ ಒಂದೇ ಲೈನು. ಮೈನ್ ಸ್ವಿಚ್ಚೂ ಮೂರು ಮನೆಗಳ ಬೇರೆ ಬೇರೆ ಸ್ವಿಚ್ಚುಗಳೂ ಇದ್ದುದು ನಡುಮನೆಯ, ಅಂದರೆ ನನ್ನ, ಜಗಲಿಯಲ್ಲಿ.

ಎಡಗಡೆಯ ಕಮಲಕ್ಕ ಗ್ರೈಂಡರಿನಲ್ಲಿ ಹಿಟ್ಟು ರುಬ್ಬಿ, ಹೋಟೆಲೊಂದಕ್ಕೆ ಇಡ್ಲಿ ಮಾಡಿಕೊಟ್ಟು ಬದುಕುತ್ತಿದ್ದರು. ಬಲಗಡೆಯ ನಬೀಸಮ್ಮನಿಗೆ ಗಂಡ ಗಲ್ಫಿನಿಂದ ಕರೆಂಟಿನ ಒಲೆ ತಂದುಕೊಟ್ಟಿದ್ದರು. ನನ್ನದು ಇಸ್ತ್ರಿಪೆಟ್ಟಿಗೆ. ಮೂರನ್ನೂ ಒಟ್ಟಿಗೆ ಹಾಕಿದರೆ ಫ್ಯೂಸು ಹೋಗುತ್ತಿತ್ತು. ಮಣಿಪಾಲದಲ್ಲಿ ಗಣಿತ ಕಲಿಸುವವನು ಸುಮ್ಮನಿರುವುದುಂಟೇ? ಯಾರು ಯಾವಾಗ ಕರೆಂಟು ಬಳಸಬೇಕೆಂದು ಪಟ್ಟಿ ಬರೆದು ಸ್ವಿಚ್ಚಿನ ಪಕ್ಕ ಅಂಟಿಸಿದೆ. ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಕೆಳಗೆ ಸಹಿಯನ್ನೂ ಹಾಕಿದೆ. ನನ್ನ ಹೆಂಡತಿ ಸುಮತಿ ಅದನ್ನು ಓದಿ, "ಸೀಲು ಬೇಡವಾ?" ಎಂದಳು.

ಒಂದು ಸಂಜೆ ಆರು ದಾಟಿದರೂ ಗ್ರೈಂಡರಿನ ಸದ್ದು ನಿಲ್ಲಲಿಲ್ಲ. ನಿಯಮ ಎಂದರೆ ನಿಯಮ. ಕಮಲಕ್ಕನ ಸ್ವಿಚ್ಚು ಆರಿಸಿದೆ. ಹಿಟ್ಟು ಮೆತ್ತಿದ ಕೈಯಲ್ಲೇ ಅವರು ಬಂದರು.

"ಮಾಷ್ಟ್ರೇ, ಉದ್ದು ಅರ್ಧ ಅರೆದು ನಿಂತುಂಟು. ನಾಳೆ ಹೋಟೆಲಿಗೆ ನಾನು ಎಂತ ಕೊಡುವುದು?"

"ಈಗ ನಬೀಸಮ್ಮನ ಒಲೆಯ ಸಮಯ, ಕಮಲಕ್ಕ."

"ಅವರು ಕಾಪುವಿಗೆ, ತಂಗಿಯ ಮನೆಗೆ ಹೋಗಿದ್ದಾರೆ. 'ನನ್ನ ಹೊತ್ತಿನಲ್ಲಿಯೂ ನೀವೇ ರುಬ್ಬಿಕೊಳ್ಳಿ' ಅಂತ ಬೆಳಿಗ್ಗೆಯೇ ಹೇಳಿದ್ದಾರೆ."

ಬಗ್ಗಿ ನೋಡಿದೆ. ಪಕ್ಕದ ಬಾಗಿಲಿಗೆ ಬೀಗ. ಬೀಗ ಹಾಕಿದ ಮನೆಗೆ ನಾನು ಕರೆಂಟು ಕಾಯ್ದಿಟ್ಟು, ದುಡಿಯುವವರ ಕೈ ಕಟ್ಟಿದ್ದೆ.

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ?" ಎಂದೆ.

"ನೀವು ಕೇಳಿದ್ದರೆ ಹೇಳುತ್ತಿದ್ದೆವು, ಅಲ್ವಾ?"

ಸ್ವಿಚ್ಚು ಹಾಕಿದೆ. ಮರುದಿನ ಪಟ್ಟಿಯನ್ನೂ ಕಿತ್ತೆ. ಆಮೇಲೆ ಹೆಂಗಸರು ಹಿತ್ತಿಲ ಗೋಡೆಯ ಮೇಲಿಂದಲೇ "ನನ್ನದಾಯಿತು, ನೀವು ಹಾಕಿ" ಎಂದು ಕೂಗಿಕೊಂಡು ಸುಧಾರಿಸಿಕೊಂಡರು. ಫ್ಯೂಸು ಮತ್ತೆ ಹೋಗಲಿಲ್ಲ.

ತೊಂದರೆಯಾದದ್ದು ನನಗೆ. ಇಸ್ತ್ರಿ ಹಾಕಬೇಕಾದರೆ ನಾನೂ ಹಿತ್ತಿಲಿಗೆ ಹೋಗಿ ಕೂಗಿ ಕೇಳಬೇಕು. "ನೀನೇ ಕೇಳು" ಎಂದರೆ ಸುಮತಿ, "ಅಂಗಿ ನಿಮ್ಮದು" ಎನ್ನುತ್ತಾಳೆ. ಮೊನ್ನೆಯವರೆಗೆ ಅಪ್ಪಣೆ ಕೊಡಿಸುತ್ತಿದ್ದ ಬಾಯಿ ಅಷ್ಟು ಬೇಗ ಕೇಳಲು ಕಲಿಯುವುದೇ? ವಾರವಿಡೀ ಮುದುಡಿದ ಅಂಗಿಯಲ್ಲೇ ಮಣಿಪಾಲದ ಬಸ್ಸು ಹತ್ತಿದೆ. "ಹೆಂಡತಿ ತವರಿಗೆ ಹೋಗಿದ್ದಾರಾ ಮಾರಾಯ?" ಎಂದು ಸಹೋದ್ಯೋಗಿಯೊಬ್ಬರು ಕನಿಕರದಿಂದ ಕೇಳಿದರು.

ಹೌದೆಂದೆ.