ಆರು ಫ್ಯಾನು, ಒಂದೂವರೆ ಸುರುಳಿ ಟೇಪು

"ಗಾಳಿ ವಿಷಯ ನನಗೆ ಹೇಳಿಕೊಡ್ಬೇಡ ಕಣೇ! ಹನ್ನೆರಡು ಮಹಡಿಗೆ ಗಾಳಿ ಹಂಚಿದೋನು ನಾನು. ನಿನ್ನ ಈ ಡಬ್ಬ ಯಾವ ಲೆಕ್ಕ?"

ಭಾನುವಾರ ಬೆಳಿಗ್ಗೆ ಗಾಳಿ ಸಾಹೇಬರು ಹೀಗೆಂದು ತೋಳೇರಿಸಿದಾಗಲೇ ಅವರ ಹೆಂಡತಿಯ ಎದೆ ಧಸಕ್ಕೆಂದಿತು. ದೊಡ್ಡ ಕಟ್ಟಡಗಳಿಗೆ ಗಾಳಿಕೊಳವೆ ಕೂರಿಸುವುದು ಸಾಹೇಬರ ಕಸುಬು. ಆ ಹೆಸರು ಬಂದದ್ದೂ ಅದರಿಂದಲೇ. ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ಅವರಿಗೆ ಅಂದು ಊಟ ಸೇರದು. ಜೇಬಿನಲ್ಲಿ ಕರವಸ್ತ್ರ ಇಲ್ಲದಿದ್ದೀತು, ಬೆಳ್ಳಿಬಣ್ಣದ ಟೇಪಿನ ಸುರುಳಿ ಮಾತ್ರ ಇದ್ದೇ ಇರುತ್ತಿತ್ತು.

ಹೆಂಡತಿಯದು ಕಂಪ್ಯೂಟರಿನಲ್ಲಿ ಕಾರ್ಟೂನ್ ಚಿತ್ರ ಮಾಡುವ ಕೆಲಸ. ಇದ್ದ ನೌಕರಿ ಬಿಟ್ಟು ಸ್ವಂತವಾಗಿ ಹಿಡಿದ ಮೊಟ್ಟಮೊದಲ ಕೆಲಸ, ಹಲ್ಲಿನ ಡಾಕ್ಟರೊಬ್ಬರಿಗೆ ಎರಡು ನಿಮಿಷದ ಚಿತ್ರ. ಅಂದು ಸಂಜೆ ಐದಕ್ಕೆ ಅವರ ಹೊಸ ಕ್ಲಿನಿಕ್ಕಿನ ಉದ್ಘಾಟನೆಯಲ್ಲಿ ಅದು ಪರದೆಯ ಮೇಲೆ ಬರಲೇಬೇಕು. ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು ಎಲ್ಲ ಕುಣಿಯಲು ತುದಿಗಾಲಲ್ಲಿ ನಿಂತಿದ್ದವು. ಕಂಪ್ಯೂಟರು ಒಂದೊಂದೇ ಚಿತ್ರ ಬಿಡಿಸಿ ಮುಗಿಸಲು ಇನ್ನೂ ಮೂರು ಗಂಟೆ ಬೇಕಿತ್ತು. ಅದೋ, ಅರ್ಧ ಗಂಟೆಗೊಮ್ಮೆ ಕಾದು ಕೆಂಡವಾಗಿ ತಾನೇ ಆರಿಹೋಗುತ್ತಿತ್ತು.

"ಕಂಪ್ಯೂಟರಿನ ಈ ಹಳೇ ಕ್ಯಾಬಿನೆಟ್ಟಲ್ಲಿ ಉಸಿರಾಡೋಕೇ ಜಾಗ ಇಲ್ಲ. ಹೊಸದು ತಂದು ಹಾಕ್ತೀನಿ, ನೋಡ್ತಿರು!" ಎಂದು ಸಾಹೇಬರು ಅಂಗಡಿಗೆ ಓಡಿದರು.

ಅಂಗಡಿಯವನು ಮುಂಭಾಗಕ್ಕೆ ಜಾಲರಿ ಇದ್ದ ಕ್ಯಾಬಿನೆಟ್ ತೋರಿಸಿದ. "ಇದು ತಗೊಳ್ಳಿ ಸಾರ್. ಮುಂದಿನ ಮೂರು ಫ್ಯಾನು ಗಾಳೀನ ಒಳಗೆ ಎಳೀಲಿ. ಹಿಂದೆ ಒಂದು, ಮೇಲೆ ಎರಡು ಹೊರಗೆ ತಳ್ಳಲಿ."

ಸಾಹೇಬರು ಕನಿಕರದಿಂದ ನಕ್ಕರು. "ಬಂದ ಗಾಳೀನ ಹೊರಗೆ ಹಾಕೋಕೆ ಫ್ಯಾನ್ ಬೇರೆ ಕೇಡಾ! ಆರೂ ಒಳಗೇ ಊದಬೇಕಪ್ಪಾ. ಆಗ ಧೂಳು ಹತ್ತಿರಾನೂ ಸುಳಿಯೋಲ್ಲ. ನಮ್ಮ ಕಸುಬಲ್ಲಿ ಇದಕ್ಕೆ ಒತ್ತಡ ಅಂತಾರೆ."

"ಒತ್ತಡ ನನಗೂ ಗೊತ್ತು ಸಾರ್. ಭಾನುವಾರಾನೂ ಅಂಗಡಿ ತೆಗೆದಿದೀನಲ್ಲ!" ಎಂದು ಅವನು ಕಟ್ಟಿಕೊಟ್ಟ.

ಒಂದೂಕಾಲಿಗೆ ಜೋಡಣೆ ಮುಗಿಯಿತು. ಆರು ಫ್ಯಾನುಗಳೂ ಒಳಮುಖವಾಗಿ ನಿಂತವು. ಆಗ ಸಾಹೇಬರ ಕಣ್ಣಿಗೆ ಬಿದ್ದವು ನೋಡಿ, ತೂತುಗಳು! ಹಿಂದೆ ಸೀಳು, ಮೇಲೆ ರಂಧ್ರ, ಬದಿಯಲ್ಲಿ ಜಾಲರಿ. "ಅಯ್ಯೋ, ಎಲ್ಲಾ ಕಡೆ ಸೋರಿಕೆ!" ಪರ್ ಪರ್ ಎಂದು ಟೇಪು ಹರಿಯಿತು. ಒಂದು ಸುರುಳಿ ಮುಗಿಯುವಷ್ಟರಲ್ಲಿ ಕ್ಯಾಬಿನೆಟ್ ಮುಚ್ಚಿದ ಪಾತ್ರೆಯಂತಾಗಿತ್ತು.

ಗುಂಡಿ ಒತ್ತಿದರು. ಆರು ಫ್ಯಾನುಗಳೂ ಗುಂಯ್‌ಗುಟ್ಟಿದವು. ಹೆಂಡತಿ ಪರದೆಯ ಮೂಲೆಯಲ್ಲಿದ್ದ ಶಾಖದ ಅಂಕಿಯಿಂದ ಕಣ್ಣು ಕೀಳಲಿಲ್ಲ. ಎಪ್ಪತ್ತು. ಎಂಬತ್ತೆಂಟು. ತೊಂಬತ್ತೇಳು. ಟಪ್! ಹತ್ತೇ ನಿಮಿಷ.

"ಮುಂಚೆ ಅರ್ಧ ಗಂಟೆಯಾದ್ರೂ ಓಡ್ತಿತ್ತು ರೀ!"

"ಗಾಬರಿ ಬೇಡ. ಎಲ್ಲೋ ಇನ್ನೊಂದು ತೂತು ಉಳಿದಿದೆ."

ಹುಡುಕಿದರು, ಸಿಕ್ಕಿತು, ಮುಚ್ಚಿದರು. ಈ ಸಲ ಆರೇ ನಿಮಿಷ!

ಅಷ್ಟರಲ್ಲಿ ಫೋನು ಬಂತು. "ಮೇಡಂ, ಪರದೆ ಕಟ್ಟಿ ಆಯ್ತು. ಹಲ್ಲು ಯಾವಾಗ ಬರುತ್ತೆ?"

"ಬರ್ತಾ ಇದೆ ಡಾಕ್ಟ್ರೇ. ಸ್ವಲ್ಪ ನೋವಿದೆ ಅಷ್ಟೆ," ಎಂದು ಹೆಂಡತಿ ಫೋನಿಟ್ಟಳು. ಸಾಹೇಬರು ಮತ್ತೆ ಟೇಪಿಗೆ ಕೈ ಹಾಕಿದ್ದನ್ನು ಕಂಡು ಸುರುಳಿಯನ್ನೇ ಕಿತ್ತುಕೊಂಡಳು.

"ರೀ, ಗಾಳಿ ಒಳಗೆ ಬಂತು. ಸರಿ. ಹೊರಗೆ ಹೋಗೋದು ಎಲ್ಲಿಂದ?"

ಸಾಹೇಬರು ಕ್ಯಾಬಿನೆಟ್ಟನ್ನು ಸುತ್ತಲೂ ತಿರುಗಿಸಿ ನೋಡಿದರು.

"ಇದು ನನ್ನ ಮೊದಲ್ನೇ ಕೆಲಸ. ಇದು ಹೋದ್ರೆ ಎರಡನೇದು ಯಾರು ಕೊಡ್ತಾರೆ?" ಎಂದಳು. ಸಾಹೇಬರಿಗೆ ನಾಚಿಕೆಯಿಂದ ನೆಲ ಬಾಯ್ಬಿಟ್ಟರೆ ಸಾಕು ಎನಿಸಿತು. ತೆಪ್ಪಗೆ ಮಂಡಿಯೂರಿ ಟೇಪು ಕೀಳಲು ಕುಳಿತರು. ಇಪ್ಪತ್ತು ವರ್ಷ ಬಿಡುವುದಿಲ್ಲ ಎಂದು ಊರವರ ಮುಂದೆಲ್ಲ ಅವರೇ ಹೊಗಳುತ್ತಿದ್ದ ಟೇಪು ಅದು! ಎರಡು ಉಗುರು ಮುರಿದವು. ಹಿಂದಿನ, ಮೇಲಿನ ಮೂರು ಫ್ಯಾನುಗಳನ್ನು ಅಂಗಡಿಯವನು ಹೇಳಿದಂತೆ ಹೊರಮುಖವಾಗಿ ತಿರುಗಿಸುವಷ್ಟರಲ್ಲಿ ಎರಡು ಗಂಟೆ ದಾಟಿತ್ತು.

ಮತ್ತೆ ಗುಂಡಿ. ಅರವತ್ತು. ಅರವತ್ತೆಂಟು. ಅರವತ್ತೆಂಟು. ಅಲ್ಲೇ ನಿಂತಿತು. ಇಬ್ಬರೂ ಜೋರಾಗಿ ಉಸಿರಾಡಲೂ ಹೆದರಿ ಕುಳಿತರು. ನಾಲ್ಕು ಐವತ್ತೆರಡಕ್ಕೆ ಕೊನೆಯ ಚಿತ್ರ ಬಂತು, ಐವತ್ತೇಳಕ್ಕೆ ಡಾಕ್ಟರಿಗೆ ತಲುಪಿತು. ಐದೂಕಾಲಿಗೆ ಫೋನಿನಲ್ಲಿ ಚಪ್ಪಾಳೆಯೇ ಕೇಳಿಸಿತು. ಡಾಕ್ಟರ ತಂಗಿಯ ಔಷಧದಂಗಡಿಗೂ ಒಂದು ಚಿತ್ರ ಬೇಕಂತೆ!

ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು. "ಅದ್ಸರಿ, ನಾಳೆ ನೀವು ಒಪ್ಪಿಸ್ಬೇಕಾದ ಆ ದೊಡ್ಡ ಸಭಾಂಗಣ ಇದೆಯಲ್ಲ, ಅದರಲ್ಲಾದ್ರೂ ಗಾಳಿ ಹೊರಗೆ ಹೋಗೋಕೆ ದಾರಿ ಇದೆ ತಾನೇ?"

ಸಾಹೇಬರು ಹೊಟ್ಟೆ ಕುಲುಕಿಸಿ ನಗತೊಡಗಿದರು. ನಗು ಅರ್ಧಕ್ಕೇ ನಿಂತಿತು. ಮೆಲ್ಲಗೆ ಬಾಲ್ಕನಿಗೆ ಜಾರಿ ಮೇಸ್ತ್ರಿಗೆ ಫೋನು ಹಚ್ಚಿ, ದನಿ ತಗ್ಗಿಸಿ ಕೇಳಿದರು: "ಆ ಸಭಾಂಗಣದಲ್ಲಿ ಗಾಳಿ ಹೊರಗೆ ಹೋಗೋಕೆ ಕಿಂಡಿ ಬಿಟ್ಟಿದ್ದೀರಿ ತಾನೇ?"

"ಬಿಟ್ಟಿದ್ವಿ ಸಾರ್, ಎಂಟು," ಎಂದ ಮೇಸ್ತ್ರಿ. "ಶುಕ್ರವಾರ ನೀವೇ ಬಂದು ಎಂಟಕ್ಕೂ ಟೇಪ್ ಹಾಕಿ ಹೋದ್ರಲ್ಲ!"